ಗೆರೆಯವರೆಗಿನ ನೀರು

ನನ್ನ ಮಗಳು ಗಿರಿಜಾ ದಪ್ಪಗಾದಳು ಅಂತ ನಾವು ಮನೆಮಂದಿಯೆಲ್ಲ ಸಂಭ್ರಮಪಟ್ಟೆವು. ಅದೇ ಅವಳ ಕಾಯಿಲೆ ಅಂತ ಯಾರಿಗೆ ಗೊತ್ತಿತ್ತು! ಎಂಟು ತುಂಬಿ ಒಂಬತ್ತು ನಡೆಯುತ್ತಿದ್ದ ಕಡ್ಡಿಯಂಥ ಹುಡುಗಿ. ಊಟಕ್ಕೆ ಕೂತರೆ ಮುದ್ದೆಯನ್ನು ತಟ್ಟೆಯ ಸುತ್ತ ಮೆರವಣಿಗೆ ಮಾಡಿಸಿ ಎದ್ದುಹೋಗುವವಳು. ಅಂಥವಳ ಕೆನ್ನೆ ಆ ವರ್ಷ ಯುಗಾದಿ ಕಳೆದದ್ದೇ ತುಂಬಿಕೊಂಡು ಬಂತು. ಬೀದಿಯ ಹೆಂಗಸರು ನಮ್ಮತ್ತೆಯನ್ನು ನಿಲ್ಲಿಸಿ, "ಮೊಮ್ಮಗ್ಳು ಮೈಕೈ ತುಂಬ್ಕಂಡವ್ಳೆ ಕಣಮ್ಮ, ಏನ್ ಇಕ್ತಿದ್ದೀಯಾ?" ಅಂತ ಕೇಳೋರು. ನಮ್ಮತ್ತೆ, "ಕೊಬ್ರಿ ಬೆಲ್ಲ ಕಣವ್ವ, ಇನ್ನೇನಿಲ್ಲ" ಅಂತ ಬೀಗೋರು. ಸಂಜೆಯಾದರೆ ಉಪ್ಪು, ಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕಿ ದೃಷ್ಟಿ ತೆಗೆಯೋರು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮೂರು ಶೆಟ್ಟಿಕೆರೆ ಪಕ್ಕದಲ್ಲೇ. ತೆಂಗಿನ ತೋಟವಿತ್ತು, ಅಟ್ಟದ ತುಂಬ ಕಾಯಿ ಇರುತ್ತಿತ್ತು, ಉಣ್ಣೋದಕ್ಕೆ ಉಡೋದಕ್ಕೆ ಕೊರತೆಯಿರಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು ಅಂತ ಊರಲ್ಲಿ ನನಗೊಂದು ಜಂಬವೂ ಇತ್ತು. ಆ ಓದೆಲ್ಲ ಯಾವ ಕೆಲಸಕ್ಕೆ ಬಂತೋ ಕಾಣೆ, ಮಗಳ ಮೈ ತುಂಬಿದ್ದಕ್ಕೂ ಊದಿದ್ದಕ್ಕೂ ನನಗೆ ವ್ಯತ್ಯಾಸ ತಿಳಿಯಲಿಲ್ಲ.

ಒಂದು ಭಾನುವಾರ ಎಣ್ಣೆನೀರು ಹಾಕೋಣ ಅಂತ ಅವಳ ಕಾಲಿನ ಬೆಳ್ಳಿ ಚೈನು ಬಿಚ್ಚಲು ಹೋದೆ. ಅದು ಚರ್ಮದೊಳಗೆ ಹೂತುಕೊಂಡಿತ್ತು. ಪಕ್ಕದಲ್ಲಿ ಬೆರಳಿಟ್ಟು ಒತ್ತಿದೆ. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು. ಮಾರನೆಯ ಬೆಳಗ್ಗೆ ಅವಳಿಗೆ ಕಣ್ಣೇ ತೆರೆಯಲಾಗಲಿಲ್ಲ. ರೆಪ್ಪೆ ಅಷ್ಟು ಊದಿತ್ತು. "ಅಮ್ಮಾ, ಬೆಳಗಾಗ್ಲೇ ಇಲ್ವಾ?" ಅಂತ ಕೇಳಿದಳು. ಮೊದಲ ಬಸ್ಸಿಗೇ ತಿಪಟೂರಿಗೆ ಹೊರಟೆವು.

ತಿಪಟೂರಿನ ಆ ಆಸ್ಪತ್ರೆ ಚಿಕ್ಕದು. ಹೊರಗಿನ ಬೆಂಚಿನಲ್ಲಿ ಕೂತರೆ ಸಾಕು, ಪಕ್ಕದವರು ನಿಮ್ಮ ಊರು, ಕುಲ, ತೋಟದ ವಿಸ್ತೀರ್ಣ ಎಲ್ಲ ವಿಚಾರಿಸಿಕೊಂಡು ಕೊನೆಗೆ ಒಂದು ಔಷಧಿಯನ್ನೂ ಹೇಳಿ ಕಳಿಸುತ್ತಿದ್ದರು. ಒಬ್ಬರು ಬಾಳೆದಿಂಡಿನ ರಸ ಅಂದರು. ಇನ್ನೊಬ್ಬರು ಹುರುಳಿಕಟ್ಟು ಅಂದರು. ಒಬ್ಬ ಹಿರಿಯರಂತೂ, "ಏನೂ ಆಗಿಲ್ಲ ಬುಡಮ್ಮ, ಮಗು ದಷ್ಟಪುಷ್ಟವಾಗಿ ಐತೆ" ಅಂದುಬಿಟ್ಟರು. ನನಗೆ ಅವರನ್ನು ಎತ್ತಿ ಬಾವಿಗೆ ಹಾಕುವಷ್ಟು ಕೋಪ ಬಂತು.

ಡಾಕ್ಟರು ಅರಳಗುಪ್ಪೆ ಕಡೆಯವರು. ಗಿರಿಜಾಳ ಉಚ್ಚೆಯನ್ನು ಗಾಜಿನ ಕೊಳವೆಗೆ ಹಾಕಿ ಸ್ಪಿರಿಟ್ ದೀಪದ ಮೇಲೆ ಹಿಡಿದರು. ಕುದಿಯುತ್ತಿದ್ದಂತೆ ಅದು ಒಡೆದ ಹಾಲಿನ ಹಾಗೆ ಬೆಳ್ಳಗಾಯಿತು.

"ನೋಡಮ್ಮ, ಈ ಬಿಳಿ ಮೈಯಲ್ಲಿ ಉಳೀಬೇಕಾದ ಸತ್ವ. ಮೂತ್ರಪಿಂಡ ಹಿಡ್ಕೊಳ್ತಾ ಇಲ್ಲ, ಸೋರಿ ಹೋಗ್ತಿದೆ."

"ವಾಸಿಯಾಗುತ್ತಾ ಸಾರ್?"

"ಮಾತ್ರೆಗೆ ಬಗ್ಗಿದ್ರೆ ಈ ಬಿಳಿ ಹೋಗುತ್ತೆ. ಒಂದು ತಿಂಗಳು ನೋಡ್ತೀನಿ. ಹೋಗ್ಲಿಲ್ಲ ಅಂದ್ರೆ ಬೆಂಗಳೂರಿಗೆ ಕಳಿಸ್ಬೇಕು. ಅಲ್ಲಿ ಸೂಜಿ ಹಾಕಿ ಮೂತ್ರಪಿಂಡದ ಚೂರು ತೆಗೆದು ನೋಡ್ತಾರೆ. ಅದರ ಮೇಲಿನ ಮಾತು ನಾನೀಗ ಹೇಳೋಕಾಗಲ್ಲ."

ಅದರ ಮೇಲಿನ ಮಾತು ಏನು ಅಂತ ನನಗೆ ಅವರು ಹೇಳದೆಯೂ ತಿಳಿಯಿತು. ಯಾಕೆಂದರೆ ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಅವತ್ತಿನಿಂದ ನನ್ನ ಪ್ರಪಂಚವೆಲ್ಲ ಆ ಕೊಳವೆಯಲ್ಲೇ ಇತ್ತು. ಬಿಳಿ ಹೋದರೆ ಮಗಳು ಉಳಿಯುತ್ತಾಳೆ, ಹೋಗದಿದ್ದರೆ ಇಲ್ಲ.

ಗಿರಿಜಾಳನ್ನು ಅವತ್ತೇ ವಾರ್ಡಿಗೆ ಸೇರಿಸಿಕೊಂಡರು. ಪಥ್ಯ ಎರಡೇ. ಉಪ್ಪು ಒಂದು ಹರಳೂ ಕೂಡದು. ನೀರು ಅಳತೆಯಲ್ಲಿ. ಸಿಸ್ಟರ್ ಒಂದು ಖಾಲಿ ಗ್ಲೂಕೋಸ್ ಬಾಟಲಿಗೆ ಪ್ಲಾಸ್ಟರಿನ ಚೂರು ಅಂಟಿಸಿ, "ಬೆಳಗಿಂದ ಮಲಗೋವರೆಗೂ ಈ ಗೆರೆವರೆಗಿನ ನೀರೇ" ಅಂದರು. ಆ ಬೇಸಿಗೆಯಲ್ಲಿ ಅಷ್ಟು ನೀರು ನನ್ನ ಒಂದು ಹೊತ್ತಿಗೆ ಸಾಲುತ್ತಿರಲಿಲ್ಲ.

ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆ. ಗಿರಿಜಾಳಿಗೆ ಅತ್ತೆಯೇ ಲಿಂಗಪೂಜೆ ಕಲಿಸಿದ್ದರು. ಮೊದಲ ದಿನ ಬೆಳಗ್ಗೆ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿಟ್ಟುಕೊಂಡಳು. ನಾನು ನಲ್ಲಿಯ ನೀರು ತಂದುಕೊಟ್ಟೆ. ಬೇಡ ಅಂದಳು. ಪೂಜೆಯಾದ ಮೇಲೆ ಆ ತೀರ್ಥವನ್ನು ತಾನೇ ಕುಡಿಯಬೇಕಲ್ಲ, ಹಾಗಾಗಿ ಅದೂ ಲೆಕ್ಕಕ್ಕೆ ಸೇರಬೇಕಂತೆ! ತನ್ನ ಬಾಟಲಿಯಿಂದಲೇ ಎರಡು ಚಮಚ ಬಗ್ಗಿಸಿ ಲಿಂಗಕ್ಕೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಆ ನೀರನ್ನು ಕುಡಿದಳು. "ಅವನ್ ಸ್ನಾನನೂ ಆಯ್ತು, ನಂಗೆ ನೀರೂ ಆಯ್ತು" ಅಂತ ನಕ್ಕಳು. ಊದಿದ ಮುಖದಲ್ಲಿ ಕಣ್ಣು ಕಾಣುತ್ತಿರಲಿಲ್ಲ, ಹಲ್ಲು ಮಾತ್ರ ಕಂಡಿತು.

ಪಕ್ಕದ ಮಂಚದಲ್ಲಿದ್ದವರು ಕೆಂಚಜ್ಜಿ. ಹುಳಿಯಾರು ಕಡೆಯ ಹಟ್ಟಿಯವರು, ಕುರಿ ಕಾದು ಗಟ್ಟಿಯಾದ ಜೀವ. ಸಕ್ಕರೆ ಕಾಯಿಲೆಯಿಂದ ಕಾಲಿನ ಹೆಬ್ಬೆರಳು ಕೊಳೆತಿತ್ತು. ಬೆರಳು ತೆಗೆಯದಿದ್ದರೆ ಕಾಲೇ ಹೋಗುತ್ತದೆ ಅಂತ ಡಾಕ್ಟರು ದಿನಾ ಹೇಳೋರು. "ಹೋದ್ರೆ ಹೋಯ್ತದೆ, ಕತ್ತಿ ಮಾತ್ರ ಮುಟ್ಟಿಸ್ಕಳಾಕಿಲ್ಲ" ಅಂತ ಅಜ್ಜಿ ದಿನಾ ಹೇಳೋರು. ಸೆರಗಿನ ಗಂಟಿನಲ್ಲಿ ಬೆಲ್ಲದ ಚೂರು ಬೇರೆ ಬಚ್ಚಿಟ್ಟುಕೊಂಡಿರುತ್ತಿದ್ದರು. ಅವರು ಗಿರಿಜಾಳ ಪೂಜೆಯನ್ನು ಎರಡು ಮೂರು ದಿನ ಸುಮ್ಮನೆ ನೋಡಿದರು. ಆಮೇಲೆ ತಡೆಯಲಾಗದೆ ಕೇಳಿದರು.

"ಏನ್ ಕೂಸೆ, ನಿಂಗೇ ಕುಡಿಯಾಕೆ ನೀರಿಲ್ಲ. ಅದ್ರಾಗೆ ದೇವ್ರಿಗೆ ಬ್ಯಾರೆ ಪಾಲಾ?"

"ಅವ್ನಿಗೆ ಬಾಯಾರಲ್ವಾ ಅಜ್ಜಿ?"

"ನಿಂಗೆ ಬಾಯಾರಾಕಿಲ್ವೇನೇ?"

"ಆಯ್ತದೆ. ತುಂಬಾ ಆಯ್ತದೆ. ಆವಾಗ ಬಾಟ್ಲಿ ನೋಡ್ತೀನಿ, ಇನ್ನೂ ಐತೆ ಅಂತ ಧೈರ್ಯ ಬತ್ತದೆ."

ಅವತ್ತು ಮಧ್ಯಾಹ್ನ ಕೆಂಚಜ್ಜಿ ಸೆರಗಿನ ಗಂಟು ಬಿಚ್ಚಿ ಬೆಲ್ಲವನ್ನು ಸಿಸ್ಟರ್ ಕೈಗೆ ಕೊಟ್ಟು, "ತಗಳವ್ವ, ಇರುವೆಗೆ ಹಾಕು" ಅಂದರು. ಆಮೇಲೆ ಇಬ್ಬರಿಗೂ ಒಪ್ಪಂದವಾಯಿತು. ಇವಳು ಉಪ್ಪು ಮುಟ್ಟುವ ಹಾಗಿಲ್ಲ, ಅವರು ಬೆಲ್ಲ ಮುಟ್ಟುವ ಹಾಗಿಲ್ಲ. ಯಾರು ಮೊದಲು ಸೋಲುತ್ತಾರೋ ಅವರು ಇನ್ನೊಬ್ಬರ ತಲೆ ಬಾಚಬೇಕು. ಗಿರಿಜಾ ದಿನಾ ಸಪ್ಪೆ ಸಾರಿನಲ್ಲೇ ಮುದ್ದೆ ಅದ್ದಿ ತಿನ್ನುತ್ತಿದ್ದಳು. "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ, ನನ್ ಮಗಳಿಗೆ ಉಪ್ಪೇ ಇಲ್ದಂಗಾಯ್ತಲ್ಲ" ಅಂತ ಒಂದು ದಿನ ಕಣ್ಣೊರೆಸಿಕೊಂಡೆ. ಗಿರಿಜಾ ತುತ್ತು ನುಂಗಿ, "ತಾಯಿ ಅವ್ಳೆ ಬುಡಮ್ಮ, ಅರ್ಧ ಗಾದೆ ಸಾಕು" ಅಂದಳು. ಎಲ್ಲಿಂದ ಬರುತ್ತಿತ್ತೋ ಆ ಮಾತು!

ಇಷ್ಟೆಲ್ಲ ಪಥ್ಯ ಮಾಡಿದರೂ ಊತ ಇಳಿಯಲಿಲ್ಲ. ತೂಕದ ಮುಳ್ಳು ಹತ್ತುತ್ತಲೇ ಹೋಯಿತು. ಡಾಕ್ಟರು ಹಣೆ ಉಜ್ಜಿಕೊಳ್ಳೋರು. "ನೀರು ಸರಿಯಾಗಿ ಅಳೀತಿದ್ದೀರಾ?" ಅಂತ ನನ್ನನ್ನು ಕೇಳೋರು. ನಾನು ಬಾಟಲಿ ಎತ್ತಿ ತೋರಿಸುತ್ತಿದ್ದೆ. ಒಂದು ಹನಿ ಗೆರೆ ದಾಟಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಈಗ ಒಂದು ಮಾತು ಹೇಳಬೇಕು. ಬೇರೆ ಸೀಮೆಯಲ್ಲಿ ಕಾಯಿಲೆಯವರನ್ನು ನೋಡಲು ಬ್ರೆಡ್ಡು, ಕಿತ್ತಳೆ ತೆಗೆದುಕೊಂಡು ಹೋಗುತ್ತಾರಂತೆ. ನಮ್ಮ ಕಡೆ ಎಳನೀರು. ಜ್ವರಕ್ಕೂ ಅದೇ, ಭೇದಿಗೂ ಅದೇ, ಬಾಣಂತಿಯ ಉರಿಗೂ ಅದೇ. ಉಚ್ಚೆಯ ತೊಂದರೆ ಅಂದರಂತೂ ಮುಗಿಯಿತು, ಅದಕ್ಕಿಂತ ದೊಡ್ಡ ಮದ್ದೇ ಇಲ್ಲ. ಗಿರಿಜಾಳನ್ನು ನೋಡಲು ಕಂದಿಕೆರೆಯ ನೆಂಟರು ಬಂದರು, ನಮ್ಮೂರಿನವರು ಬಂದರು, ಕೊಬ್ಬರಿ ಸಂತೆಗೆ ಬಂದವರೆಲ್ಲ ಹಾಗೇ ಬಂದರು. ಎಲ್ಲರ ಕೈಯಲ್ಲೂ ಗೊನೆ. ಮಂಚದ ಕೆಳಗೆ ಬೇಸಿನ್ ಇಡಲೂ ಜಾಗವಿರಲಿಲ್ಲ. ಅತ್ತೆ ಸೊಂಟದಲ್ಲಿ ಮಚ್ಚು ಸಿಕ್ಕಿಸಿಕೊಂಡೇ ಬಸ್ಸಿಳಿಯುತ್ತಿದ್ದರು.

ಒಂದು ದಿನ ಡಾಕ್ಟರು ಮಾಮೂಲಿಗಿಂತ ಮುಂಚೆ ವಾರ್ಡಿಗೆ ಬಂದರು. ಗಿರಿಜಾ ಎಳನೀರನ್ನು ಎರಡೂ ಕೈಯಲ್ಲಿ ಎತ್ತಿ ಗಟಗಟ ಕುಡಿಯುತ್ತಿದ್ದಳು. ಅತ್ತೆ ಮುಂದಿನದನ್ನು ಕೆತ್ತುತ್ತಿದ್ದರು. ನಾನು ಪಕ್ಕದಲ್ಲೇ ನಿಂತು ಸೆರಗಿನಿಂದ ಮಗಳ ಬಾಯಿ ಒರೆಸುತ್ತಿದ್ದೆ.

"ಏನ್ರೀ ಇದು?" ಡಾಕ್ಟರ ದನಿಗೆ ಇಡೀ ವಾರ್ಡು ಎದ್ದು ಕೂತಿತು. "ಗೆರೆ ದಾಟಿ ಕುಡಿಸ್ಬೇಡಿ ಅಂತ ಎಷ್ಟ್ ಸಲ ಹೇಳ್ಲಿ?"

ಅತ್ತೆಗೆ ಏನೂ ಅರ್ಥವಾಗಲಿಲ್ಲ. ಹೆಮ್ಮೆಯಿಂದ ಬಾಟಲಿ ತಂದು ಅವರ ಮುಂದೆ ಹಿಡಿದರು. "ನೋಡಿ ಸ್ವಾಮಿ, ಗೆರೆ ಎಲ್ಲೈತೋ ಅಲ್ಲೇ ಐತೆ. ಒಂದ್ ತೊಟ್ಟು ದಾಟಿಲ್ಲ. ಇದು ಮದ್ದು."

"ಅಮ್ಮಾ, ಕುಡಿಯೋದೆಲ್ಲಾ ಲೆಕ್ಕ. ಹಾಲು, ಕಾಫಿ, ಮಜ್ಜಿಗೆ, ಇದೂ ಲೆಕ್ಕ! ದಿನಕ್ಕೆ ಎಷ್ಟು ಕುಡಿಸ್ತಿದ್ರಿ?"

ಅತ್ತೆ ನನ್ನ ಮುಖ ನೋಡಿದರು. ನಾನು ಮಂಚದ ಕೆಳಗಿನ ಸಿಪ್ಪೆಯ ರಾಶಿ ನೋಡಿದೆ. ಹಾಲು, ಕಾಫಿ ನಾವು ಕೊಟ್ಟೇ ಇರಲಿಲ್ಲ, ಅಷ್ಟು ಎಚ್ಚರ. ಎಳನೀರು ಮಾತ್ರ ನಮ್ಮ ತಲೆಯಲ್ಲಿ ಯಾವ ಲೆಕ್ಕಕ್ಕೂ ಬಂದಿರಲಿಲ್ಲ. ಡಾಕ್ಟರು ಸ್ಟೂಲು ಎಳೆದುಕೊಂಡು ಧೊಪ್ಪನೆ ಕೂತರು. ಸ್ವಲ್ಪ ಹೊತ್ತು ತಲೆ ಹಿಡಿದುಕೊಂಡಿದ್ದವರು ನಗತೊಡಗಿದರು. "ನಮ್ಮಮ್ಮ ಇದ್ದಿದ್ರೂ ಇದನ್ನೇ ಮಾಡ್ತಿದ್ಲು. ತಪ್ಪು ನಂದೇ. ಈ ಊರಲ್ಲಿ ಪ್ರಾಕ್ಟೀಸ್ ಮಾಡೋನು ಮೊದ್ಲು ಎಳನೀರಿನ ಹೆಸರು ಹೇಳ್ಬೇಕು" ಅಂದರು. ಏಳುವಾಗ ನಗು ಇರಲಿಲ್ಲ. "ಬಿಳಿ ಇನ್ನೂ ಹಾಗೇ ಇದೆ. ತಿಂಗಳಲ್ಲಿ ಹೆಚ್ಚು ದಿನ ಉಳಿದಿಲ್ಲ" ಅಂತ ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿ ಹೋದರು.

ಅತ್ತೆ ಗೋಡೆಗೆ ಒರಗಿ ಕೂತು, "ನನ್ ಕೈಯಾರ ಮಗೀಗೆ ವಿಷ ಇಕ್ಕಿದ್ನಲ್ಲಪ್ಪಾ" ಅಂತ ಎದೆ ಬಡಿದುಕೊಂಡು ಅಳತೊಡಗಿದರು. ಯಾರು ಸಮಾಧಾನ ಹೇಳಿದರೂ ನಿಲ್ಲಲಿಲ್ಲ. ಆಗ ಗಿರಿಜಾ ಮಂಚದಿಂದಿಳಿದು, ಊದಿದ ಕಾಲನ್ನು ಎಳೆದುಕೊಂಡು ಹೋಗಿ ಅಜ್ಜಿಯ ತೊಡೆಯ ಮೇಲೆ ಕೂತಳು.

"ಅಜ್ಜೀ, ಅಳ್ಬೇಡ. ನಿನ್ ಕಣ್ಣೀರ್ ನೋಡಿದ್ರೆ ನಂಗೆ ಬಾಯಾರ್ತದೆ."

ಅಳುತ್ತಿದ್ದ ಅತ್ತೆ ಫಕ್ಕನೆ ನಕ್ಕರು. ಕೆಂಚಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತೇ ಅತ್ತೆ ಗಟ್ಟಿಯಾಗಿ ಹೇಳಿದರು: "ನನ್ ಮೊಮ್ಮಗ್ಳು ಉಪ್ಪು ತಿನ್ನೋಗಂಟ ನಾನೂ ತಿನ್ನಾಕಿಲ್ಲ. ಶಿವನಾಣೆ." ಉಪ್ಪಿನಕಾಯಿಯಿಲ್ಲದೆ ಒಂದು ತುತ್ತೂ ಇಳಿಯದ ಹೆಂಗಸು ಆ ಮಾತು ಹೇಳಿದರು. ಮಚ್ಚನ್ನು ನನ್ನ ಕೈಗೆ ಕೊಟ್ಟುಬಿಟ್ಟರು.

ಇನ್ನು ಮಂಚದ ಕೆಳಗಿನ ಗೊನೆಗಳ ಪಾಡೇನು? ಗಿರಿಜಾ ಅದಕ್ಕೂ ದಾರಿ ಹುಡುಕಿದಳು. ನೋಡಲು ಬಂದವರು ಗೊನೆ ಇಳಿಸಿದ್ದೇ ತಡ, ನನ್ನ ಕೈಲಿ ಕೆತ್ತಿಸಿ, ವಾರ್ಡಿನಲ್ಲಿ ಯಾರು ಕುಡಿಯಬಹುದು ಅಂತ ಸಿಸ್ಟರನ್ನು ಕೇಳಿ ತಾನೇ ಹಂಚುತ್ತಿದ್ದಳು. ಹೆರಿಗೆಯಾಗಿದ್ದ ಹುಡುಗಿಗೊಂದು, ಜ್ವರದವರಿಗೊಂದು, ಹೊರಗಿನ ಬೆಂಚಿನವರಿಗೆ ಉಳಿದದ್ದು. ನೀರಡಿಕೆಯಲ್ಲಿ ತುಟಿ ಒಡೆದ ಮಗು ಇನ್ನೊಬ್ಬರ ಬಾಯಿಗೆ ಎಳನೀರು ಹಿಡಿಯುವುದನ್ನು ನನ್ನ ಕೈಲಿ ನೋಡಲಾಗುತ್ತಿರಲಿಲ್ಲ. "ನಿಂಗೆ ಆಸೆ ಆಗಲ್ವೇನೇ?" ಅಂದೆ. "ಆಯ್ತದಮ್ಮ. ಅವ್ರು ಕುಡಿಯುವಾಗ ಗಂಟ್ಲು ನೋಡ್ತೀನಿ. ನಂದೂ ಒಂಚೂರು ಒದ್ದೆ ಆಯ್ತದೆ" ಅಂದಳು.

ನನ್ನ ಸ್ಥಿತಿ ಹೇಳುತ್ತೇನೆ. ನನಗೆ ದೇವರ ಮೇಲೆ ಸಿಟ್ಟು ಬಂದಿತ್ತು. ದಿನಾ ಬೆಳಗ್ಗೆ ಕೊಳವೆ ಕಾಯಿಸುವ ಕೆಲಸವನ್ನು ಡಾಕ್ಟರು ನನಗೇ ಕಲಿಸಿಕೊಟ್ಟಿದ್ದರು. ದಿನಾ ಬಿಳಿ. ಊತ ಸ್ವಲ್ಪ ಇಳಿದರೂ ಬಿಳಿ ಬಿಳಿಯೇ. ಒಂದು ದಿನ ಕೊಳವೆ ತೊಳೆದಿಟ್ಟು ಬಂದು, ಸ್ನಾನ ಮಾಡಿ, ಪೂಜೆ ಮಾಡದೆ ಸುಮ್ಮನೆ ಕೂತುಬಿಟ್ಟೆ. ಗಿರಿಜಾ ಗಮನಿಸಿದಳು.

"ಅಮ್ಮ, ನೀನ್ಯಾಕೆ ಲಿಂಗ ತೆಗೀಲಿಲ್ಲ?"

"ಮಾಡಿ ಏನಾಗ್ಬೇಕು? ಇಷ್ಟ್ ದಿನ ಮಾಡಿದ್ದಕ್ಕೆ ನಿಂಗೆ ಹುಷಾರಾಯ್ತಾ?"

ಅವಳು ನಿಜವಾಗಿಯೂ ಆಶ್ಚರ್ಯಪಟ್ಟಳು. "ನಂಗೆ ಹುಷಾರಾಗ್ಲಿ ಅಂತ ಮಾಡೋದಾ? ಅದಕ್ಕೆ ಮಾತ್ರೆ ಐತಲ್ಲ. ಅವ್ನು ನಮ್ ಕೊರಳ್ನಾಗೆ ಇರಾನು. ನಾವಲ್ದೆ ಇನ್ಯಾರು ಸ್ನಾನ ಮಾಡುಸ್ತಾರೆ?"

ನಾನು ಅಷ್ಟು ವರ್ಷ ದೇವರನ್ನು ಬೇಡಿದ್ದೆ, ಬೈದಿದ್ದೆ, ಹರಕೆ ಹೊತ್ತಿದ್ದೆ. ಅವನನ್ನು ನೋಡಿಕೊಳ್ಳಬೇಕು ಅಂತ ಒಂದು ದಿನವೂ ಅನ್ನಿಸಿರಲಿಲ್ಲ. ಎದ್ದು ಹೋಗಿ ಅತ್ತೆ, ನಾನು, ಅವಳು ಮೂವರೂ ಒಂದೇ ಮಂಚದ ಮೇಲೆ ಕೂತು ಪೂಜೆ ಮಾಡಿದೆವು. ಮನಸ್ಸು ಸ್ವಲ್ಪ ಹಗುರಾಯಿತು. ಭಯ ಹೋಯಿತು ಅಂತ ಸುಳ್ಳು ಹೇಳಲಾರೆ.

ಅದನ್ನೆಲ್ಲ ನೋಡುತ್ತಿದ್ದ ಕೆಂಚಜ್ಜಿ ಡಾಕ್ಟರು ಬಂದಾಗ ಕಾಲು ಮುಂದೆ ಚಾಚಿದರು. "ತಗೀರಿ ಸ್ವಾಮಿ, ಏನ್ ತಗೀತೀರೋ ತಗೀರಿ. ಈ ಕೂಸು ಇಷ್ಟ್ ತಡ್ಕಂಡೈತೆ, ನಾನು ಒಂದ್ ಬೆರಳಿಗೆ ಹೆದ್ರಿದ್ರೆ ನಮ್ ದ್ಯಾವ್ರು ಬೀರಪ್ಪ ನಗಾಕಿಲ್ವಾ?" ಅಂದರು. ಅಪರೇಷನ್ ಕೋಣೆಗೆ ಹೋಗುವಾಗ ಗಿರಿಜಾ ಅವರ ಹಣೆಗೆ ವಿಭೂತಿ ಹಚ್ಚಿದಳು. ವಾಪಸು ಬಂದ ಮೇಲೆ ಅಜ್ಜಿ ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಇವ್ಳು ಉಪ್ಪು ಕದ್ದು ತಿಂದ್ಲಾ?" ಅಂತ.

ತಿಂಗಳು ಮುಗಿಯುತ್ತಾ ಬಂತು. ಬೆಂಗಳೂರಿಗೆ ಹೋಗಲು ನಮ್ಮ ಯಜಮಾನರು ಬಟ್ಟೆಯ ಚೀಲ ತಂದು ಮಂಚದ ಪಕ್ಕ ಇಟ್ಟರು. ಅವರು ಮಾತು ಕಡಿಮೆಯ ಮನುಷ್ಯ. ಸಂತೆಯಿಂದ ನೇರ ಬಂದು, ಮಗಳ ಪಾದದ ಮೇಲೆ ಬೆರಳೊತ್ತಿ ಗುಳಿ ಬೀಳುತ್ತದಾ ಅಂತ ನೋಡಿ, ಹೊರಗೆ ಹೋಗಿ ನಿಲ್ಲುತ್ತಿದ್ದರು. ಚೀಲ ತಂದಿಟ್ಟ ಮಾರನೆಯ ಬೆಳಗ್ಗೆ ಕೊಳವೆಯಲ್ಲಿ ಬಿಳಿ ಹೆಪ್ಪುಗಟ್ಟಲಿಲ್ಲ. ಸ್ವಲ್ಪ ಮಸುಕು ಮಾತ್ರ. ನನ್ನ ಕಣ್ಣೇ ಸರಿಯಿಲ್ಲ ಅಂದುಕೊಂಡು ಯಾರಿಗೂ ಹೇಳಲಿಲ್ಲ. ಮಾರನೆಯ ದಿನ ಇನ್ನೂ ತೆಳುವಾಯಿತು. ಅದರ ಮಾರನೆಯ ದಿನ ಕುದಿಯಿತು, ಕುದಿಯಿತು, ತಿಳಿಯಾಗಿಯೇ ಉಳಿಯಿತು. ಕಿಟಕಿಯ ಬೆಳಕಿಗೆ ಹಿಡಿದೆ. ಆಚೆ ನಿಂತಿದ್ದ ಯಜಮಾನರ ಅಂಗಿಯ ಗುಂಡಿ ಆ ಗಾಜಿನಲ್ಲಿ ಕಂಡಿತು. "ರೀ, ಬನ್ನಿ ಇಲ್ಲಿ!" ಅಂತ ಕೂಗಿದ್ದಷ್ಟೇ ನೆನಪು. ಅವರು ಆ ಕೊಳವೆಯನ್ನು ಹಿಡಿದುಕೊಂಡು ಇಡೀ ವಾರ್ಡಿಗೆ ತೋರಿಸಿ ಬಂದರು. ಮಗಳ ಉಚ್ಚೆಯನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದು ಊರಿಗೆಲ್ಲ ತೋರಿಸಿದ ಅಪ್ಪ ಇವರೊಬ್ಬರೇ ಇರಬೇಕು.

ಮನೆಗೆ ಬಂದಮೇಲೂ ಪಥ್ಯ ಮುಂದುವರಿಯಿತು. ಮಾತ್ರೆಯನ್ನು ತಿಂಗಳುಗಟ್ಟಲೆ ನಿಧಾನಕ್ಕೆ ಇಳಿಸಿದರು. ನಡುವೆ ಒಂದು ಸಲ ನೆಗಡಿಯಾಗಿ ಬಿಳಿ ಮತ್ತೆ ಕಾಣಿಸಿಕೊಂಡು ನನ್ನ ಜೀವ ಹಿಂಡಿತು, ಮತ್ತೆ ಹೋಯಿತು. ಮನೆಯಲ್ಲಿ ಎರಡು ಮಡಕೆ ಸಾರು. ಸಪ್ಪೆಯದ್ದು ಅಜ್ಜಿ ಮೊಮ್ಮಗಳಿಗೆ, ಉಪ್ಪಿನದ್ದು ಉಳಿದವರಿಗೆ. ಅತ್ತೆಯ ವಯಸ್ಸು ನೋಡಿ ಡಾಕ್ಟರೇ ಬೈದರು, ಅವರು ಕೇಳಲಿಲ್ಲ. "ಮಗು ತಿನ್ಲಿ, ಆಮ್ಯಾಕೆ ನೋಡನ" ಅನ್ನೋರು. ಇಂಥ ಕಾಯಿಲೆಯ ಮಕ್ಕಳಿರುವ ತಾಯಂದಿರು ಇದನ್ನು ಓದುತ್ತಿದ್ದರೆ ಅವರಿಗೆ ನಾನು ಹೇಳುವುದಿಷ್ಟೇ: ಮನೆಯಲ್ಲಿ ಒಬ್ಬರಾದರೂ ಮಗುವಿನ ಜೊತೆ ಸಪ್ಪೆ ತಿನ್ನಿ. ಅದರಿಂದ ಕಾಯಿಲೆ ವಾಸಿಯಾಗುವುದಿಲ್ಲ, ಮಗು ಮಾತ್ರ ತಟ್ಟೆ ದೂಡುವುದಿಲ್ಲ.

ಉಪ್ಪು ಹಾಕಬಹುದು ಅಂತ ಡಾಕ್ಟರು ಹೇಳಿದ ದಿನ ತಿಪಟೂರಿನಿಂದ ಬಸ್ಸಿನಲ್ಲಿ ಬರುವಾಗ ನನಗೆ ದಾರಿಯೇ ಸಾಗಲಿಲ್ಲ. ಬಂದವಳೇ ಒಲೆ ಹೊತ್ತಿಸಿ ಮುದ್ದೆ ತಿರುವಿದೆ, ಹುರುಳಿಕಾಳಿನ ಸಾರು ಮಾಡಿದೆ. ಸಾರಿಗೆ ಉಪ್ಪನ್ನು ದಿನಾ ಹಾಕುವುದಕ್ಕಿಂತ ಅರ್ಧಕ್ಕರ್ಧ ಕಡಿಮೆಯೇ ಹಾಕಿದೆ. ಅಜ್ಜಿ ಮೊಮ್ಮಗಳು ಎದುರುಬದುರು ಕೂತರು. ಯಜಮಾನರು ಕಂಬಕ್ಕೆ ಒರಗಿ ನಿಂತರು. ಕೆಂಚಜ್ಜಿಯೂ ಹಟ್ಟಿಯಿಂದ ಕೋಲೂರಿಕೊಂಡು ಬಂದಿದ್ದರು.

ಗಿರಿಜಾ ತುತ್ತು ಅದ್ದಿ ಬಾಯಿಗಿಟ್ಟಳು. ಮುಖ ಹುಳ್ಳಗೆ ಮಾಡಿದಳು.

"ಥೂ ಅಮ್ಮ, ಏನಿದು! ಉಪ್ಪು ಜಾಸ್ತಿ ಆಗೋಗೈತೆ!"

ನನ್ನ ಅಡುಗೆಗೆ ಯಾರಾದರೂ ಹೆಸರಿಟ್ಟರೆ ಸೌಟು ಎತ್ತುವವಳು ನಾನು. ಆವತ್ತು ಅಡುಗೆಮನೆಯ ಬಾಗಿಲಿನಲ್ಲೇ ಕುಸಿದು ಕೂತು ಅತ್ತುಬಿಟ್ಟೆ. ನಗುತ್ತಲೂ ಇದ್ದೆ. ಅತ್ತೆ ತಮ್ಮ ತುತ್ತನ್ನು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ನುಂಗಿದರು.

"ಸರ್ಯಾಗೈತೆ ಕಣೇ," ಅಂದರು. "ಇನ್ನೊಂದ್ ಸೌಟು ಬುಡು, ನಂಗೂ ನನ್ ಮೊಮ್ಮಗ್ಳಿಗೂ."